ಮುಂದಿನ (2025-26) ಸೀಸನ್‌ನ ಅಮೆರಿಕದ ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್: ನನ್ನ ಮೊದಲ ಹತ್ತು ಟೀಮುಗಳ ಪಟ್ಟಿ ಇದು, ನಿಮ್ಮದು ಹೇಳಿ

ಮಧ್ಯರಾತ್ರಿ_ಮ್ಯಾಚ್ · ಬೆಂಗಳೂರು · 2025 ಜೂನ್ 14

ಫೈನಲ್ ಮುಗಿದು ಎರಡು ತಿಂಗಳು ಕಳೆಯಿತು. ಟ್ಯಾಂಪಾದಲ್ಲಿ ಮಧ್ಯಾಹ್ನ ಮೂರು ಗಂಟೆ, ನಮಗೆ ರಾತ್ರಿ ಹನ್ನೆರಡೂವರೆ. ಮನೆಯವರೆಲ್ಲ ಮಲಗಿದ್ದರು. ಅಡುಗೆಮನೆ ಕಟ್ಟೆಯ ಮೇಲೆ ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿಕೊಂಡು ನಿಂತೇ ನೋಡಿದೆ. ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) 82, ಸೌತ್ ಕೆರೊಲಿನಾ 59. ಯುಕಾನ್‌ಗೆ ಇದು 12ನೇ ಪ್ರಶಸ್ತಿ, 2016ರ ನಂತರ ಮೊದಲನೆಯದು. ಅವತ್ತಿನಿಂದಲೇ ತಲೆಯಲ್ಲಿ ಮುಂದಿನ ವರ್ಷದ ಲೆಕ್ಕ ಓಡುತ್ತಿದೆ. ಈಗ ವೃತ್ತಿಪರ ಟೀಮುಗಳು ಆಟಗಾರ್ತಿಯರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಮುಗಿದಿದೆ, ಕಾಲೇಜು ಬದಲಿಸುವವರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಮುಚ್ಚಿದೆ. ಯಾರು ಯಾವ ಟೀಮಿನಲ್ಲಿ ಅನ್ನೋದು ಹೆಚ್ಚುಕಡಿಮೆ ಗೊತ್ತಾಗಿದೆ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಸರಳ. ಹೊಸದಾಗಿ ಬಂದ ದೊಡ್ಡ ಹೆಸರನ್ನು ಮೊದಲು ನೋಡುವುದಿಲ್ಲ. ಒಟ್ಟಿಗೆ ಆಡಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ನೋಡುತ್ತೇನೆ. ಆಮೇಲೆ, ಹೋದವಳು ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಾರೆ ಅಂತ ಕೇಳಿಕೊಳ್ಳುತ್ತೇನೆ.

ಮೊದಲ ಸ್ಥಾನ ಯುಕಾನ್‌ಗೇ. ಪೇಜ್ ಬೆಕರ್ಸ್ ಹೋದಳು, ಡ್ರಾಫ್ಟ್‌ನಲ್ಲಿ ಮೊದಲನೆಯವಳಾಗಿ ಡಲ್ಲಾಸ್‌ಗೆ. ಆದರೆ ಫೈನಲ್‌ನಲ್ಲಿ ತಲಾ 24 ಅಂಕ ಹೊಡೆದ ಇಬ್ಬರೂ ಉಳಿದಿದ್ದಾರೆ: ಅಝೀ ಫಡ್ ಮತ್ತು ಸಾರಾ ಸ್ಟ್ರಾಂಗ್. ಸ್ಟ್ರಾಂಗ್ ಅವತ್ತು 15 ರೀಬೌಂಡ್ (ಬುಟ್ಟಿಗೆ ಬೀಳದೆ ವಾಪಸ್ ಬಂದ ಚೆಂಡು) ಕೂಡ ಹಿಡಿದಳು, ಅದೂ ಕಾಲೇಜಿನ ಮೊದಲ ವರ್ಷದಲ್ಲಿ. ಜೊತೆಗೆ ವಿಸ್ಕಾನ್ಸಿನ್‌ನಿಂದ ಸೆರಾ ವಿಲಿಯಮ್ಸ್ ಬಂದಿದ್ದಾಳೆ. ಬುಟ್ಟಿಯ ಕೆಳಗೆ ಗಟ್ಟಿಯಾಗಿ ನಿಲ್ಲುವ ಹುಡುಗಿ. ಯುಕಾನ್‌ಗೆ ಬೇಕಿದ್ದದ್ದೂ ಅಂಥವಳೇ.

ಎರಡನೆಯದು ಸೌತ್ ಕೆರೊಲಿನಾ, ಮೂರನೆಯದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ, ನಾಲ್ಕನೆಯದು ಟೆಕ್ಸಸ್. ಅಂದರೆ ಹೋದ ಸೀಸನ್‌ನ ಫೈನಲ್ ಫೋರ್ (ಸೆಮಿಫೈನಲ್ ಮತ್ತು ಫೈನಲ್ ಹಂತ) ತಲುಪಿದ ನಾಲ್ಕೂ ಟೀಮು. ಸೋಮಾರಿತನದ ಪಟ್ಟಿ ಅನ್ನಿಸಬಹುದು, ಆದರೆ ಕೂತು ಲೆಕ್ಕ ಹಾಕಿದಾಗ ಇದೇ ಬಂತು. ಐದು ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್), ಆರು ಒಕ್ಲಹೋಮ. ಆಮೇಲೆ ಡ್ಯೂಕ್, ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್), ಟೆನ್ನೆಸಿ, ಎನ್‌ಸಿ (ನಾರ್ತ್ ಕೆರೊಲಿನಾ) ಸ್ಟೇಟ್. ಈ ಕೊನೆಯ ನಾಲ್ಕನ್ನು ಹೇಗೆ ಹಿಂದುಮುಂದು ಮಾಡಿದರೂ ನನ್ನ ತಕರಾರಿಲ್ಲ.

ಮುಂದಿನ ಫೈನಲ್ ಫೋರ್ ಫೀನಿಕ್ಸ್‌ನಲ್ಲಿ. ಹೇಳಿ, ನಿಮ್ಮ ನಾಲ್ಕು ಯಾವುವು?

ಹೊಸಬ_ಹುಬ್ಬಳ್ಳಿ

ಅಕ್ಕಾರೆ, ನಾನು ಕೇಟ್ಲಿನ್ ಕ್ಲಾರ್ಕ್ ಆಟ ನೋಡಿ ಈ ಕಡೆ ಬಂದವನು. ಒಂದು ಸಂಶಯ ಇದೆ. ಎನ್‌ಬಿಎಗೆ ಹೋಗುವ ಹುಡುಗರು ಕಾಲೇಜಿನಲ್ಲಿ ಒಂದೇ ವರ್ಷ ಆಡಿ ಹೊರಟುಬಿಡುತ್ತಾರೆ. ಈ ಸ್ಟ್ರಾಂಗ್ ಅಷ್ಟು ಚೆನ್ನಾಗಿ ಆಡಿದರೂ ಯಾಕೆ ಇನ್ನೂ ಕಾಲೇಜಿನಲ್ಲೇ ಇದ್ದಾಳೆ?

ಮಧ್ಯರಾತ್ರಿ_ಮ್ಯಾಚ್

ಒಳ್ಳೆ ಪ್ರಶ್ನೆ. ಡಬ್ಲ್ಯುಎನ್‌ಬಿಎ (ಮಹಿಳೆಯರ ವೃತ್ತಿಪರ ಲೀಗ್) ನಿಯಮ ಬೇರೆ. ಅಮೆರಿಕದ ಕಾಲೇಜು ಹುಡುಗಿ ಡ್ರಾಫ್ಟ್‌ಗೆ ಹೋಗಬೇಕಾದರೆ ಆ ವರ್ಷ 22 ತುಂಬಬೇಕು, ಇಲ್ಲವೇ ಡಿಗ್ರಿ ಮುಗಿದಿರಬೇಕು. ಹಾಗಾಗಿ ದೊಡ್ಡ ಆಟಗಾರ್ತಿಯರೂ ಸಾಮಾನ್ಯವಾಗಿ ನಾಲ್ಕು ವರ್ಷ ಕಾಲೇಜಿನಲ್ಲೇ ಇರುತ್ತಾರೆ. ಮೊದಲ ವರ್ಷದಲ್ಲಿ ತಡಬಡಾಯಿಸಿದ ಹುಡುಗಿ ಮೂರನೇ ವರ್ಷಕ್ಕೆ ಇಡೀ ಟೀಮನ್ನು ನಡೆಸುವುದನ್ನು ನಾವು ಕಣ್ಣಾರೆ ನೋಡಬಹುದು. ನನಗೆ ಈ ಆಟ ಇಷ್ಟವಾಗಿದ್ದೇ ಅದಕ್ಕೆ.

ದುಡ್ಡಿನ ಲೆಕ್ಕವೂ ಇದೆ. ಈ ವರ್ಷ ಮೊದಲ ಆಯ್ಕೆಯಾದ ಬೆಕರ್ಸ್‌ಗೆ ಲೀಗ್ ಕೊಡುವ ಮೊದಲ ವರ್ಷದ ಸಂಬಳ 78,831 ಡಾಲರ್. ಹೆಸರು ಮಾಡಿದ ಹುಡುಗಿ ಕಾಲೇಜಿನಲ್ಲಿದ್ದುಕೊಂಡೇ ಜಾಹೀರಾತಿನಿಂದ ಅದಕ್ಕಿಂತ ಜಾಸ್ತಿ ದುಡಿಯಬಹುದು. ಇನ್ನು ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಒಂದು ಕಾಲೇಜು ಎಲ್ಲ ಆಟಗಳಿಗೂ ಸೇರಿಸಿ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಅದರಲ್ಲಿ ಮಹಿಳಾ ಬಾಸ್ಕೆಟ್‌ಬಾಲ್‌ಗೆ ಎಷ್ಟು ಸಿಗುತ್ತದೆ ಅನ್ನೋದೇ ಮುಂದಿನ ದೊಡ್ಡ ಜಗಳ.

ಹಾರ್ಟ್‌ಫರ್ಡ್_ಅಪ್ಪ

ಕನೆಕ್ಟಿಕಟ್‌ನಿಂದ ಬರೆಯುತ್ತಿದ್ದೇನೆ, ಹಾಗಾಗಿ ನನ್ನ ಮೊದಲ ಸ್ಥಾನ ಯಾವುದು ಅಂತ ಕೇಳುವ ಅಗತ್ಯವಿಲ್ಲ. ಆದರೂ ಒಂದು ಮಾತು ಹೇಳಬೇಕು.

ಹೋದ ಚಳಿಗಾಲ ಮಗಳನ್ನು ಕರೆದುಕೊಂಡು ಯುಕಾನ್ ಇರುವ ಸ್ಟೋರ್ಸ್ ಊರಿನ ಗ್ಯಾಂಪೆಲ್ ಒಳಾಂಗಣಕ್ಕೆ ಹೋಗಿದ್ದೆ. ಬೇಗ ಹೋಗಿ ಕೆಳಗಿನ ಸಾಲಿನಲ್ಲಿ ಕೂತೆವು. ಆಟಕ್ಕೆ ಮೊದಲು ಫಡ್ ಒಬ್ಬಳೇ ಮೂಲೆಯಿಂದ ಹೊಡೆಯುತ್ತಿದ್ದಳು. ಚೆಂಡು ಕೈಗೆ ಬರುವ ಮೊದಲೇ ಪಾದ ಸರಿಯಾಗಿ ಕೂತಿರುತ್ತದೆ. ಮೊಣಕಾಲು ಬಗ್ಗಿರುತ್ತದೆ. ಚೆಂಡು ಬಂತು, ಹೋಯಿತು, ಅಷ್ಟೇ. ನಡುವೆ ಇನ್ನೊಂದು ಕೆಲಸ ಇಲ್ಲ. ಮಗಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಅವತ್ತಿನಿಂದ ನಮ್ಮ ಮನೆ ಡ್ರೈವ್‌ವೇಯಲ್ಲಿ ಚೆಂಡು ಕೈಯಲ್ಲಿ ಇಲ್ಲದೆಯೇ ಪಾದ ಇಡುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ.

ಈ ಫಡ್ 2023ರ ನವೆಂಬರ್‌ನಲ್ಲಿ ಮೊಣಕಾಲಿನ ಎಸಿಎಲ್ (ಒಳಗಿನ ಅಸ್ಥಿರಜ್ಜು) ಹರಿದುಕೊಂಡು ಆ ಸೀಸನ್‌ನಲ್ಲಿ ಎರಡೇ ಆಟ ಆಡಿದ್ದಳು. ಅಲ್ಲಿಂದ ವಾಪಸ್ ಬಂದು ಫೈನಲ್ ಫೋರ್‌ನ ಶ್ರೇಷ್ಠ ಆಟಗಾರ್ತಿ ಆದಳು. ಡ್ರಾಫ್ಟ್‌ಗೆ ಹೋಗಬಹುದಿತ್ತು, ಹೋಗಲಿಲ್ಲ. ಇನ್ನೊಂದು ವರ್ಷ ಇರುತ್ತೇನೆ ಅಂದಳು. ನಿಮ್ಮ ‘ಯಾರು ಉಳಿದರು’ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಯಾವುದಿದೆ?

ಕೊಲಂಬಿಯಾ_ಕನ್ನಡತಿ

ಮಧ್ಯರಾತ್ರಿ ಅಕ್ಕಾ, ನಾನು ಸೌತ್ ಕೆರೊಲಿನಾದಲ್ಲಿ ಓದುತ್ತಿದ್ದೇನೆ. ನಿಮ್ಮ ಲೆಕ್ಕ ನಮ್ಮ ಟೀಮಿನ ವಿಷಯದಲ್ಲಿ ಒಮ್ಮೆ ಪೂರ್ತಿ ಕೆಟ್ಟಿದೆ, ನೆನಪಿದೆಯಾ?

2023ರಲ್ಲಿ ಆಲಿಯಾ ಬೋಸ್ಟನ್, ಜಿಯಾ ಕುಕ್ ಸೇರಿ ಮೊದಲ ಐವರೂ ಒಟ್ಟಿಗೆ ಹೋದರು. ಸೀಸನ್‌ಗೆ ಮುಂಚಿನ ಎಪಿ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ನಮ್ಮನ್ನು ಆರನೇ ಸ್ಥಾನಕ್ಕೆ ಹಾಕಿದರು. ಮೊದಲ ಸ್ಥಾನ ಎಲ್‌ಎಸ್‌ಯುಗೆ. ಯಾಕೆಂದರೆ ಅವರು ಚಾಂಪಿಯನ್ನರು, ಮೇಲಿಂದ ಪೋರ್ಟಲ್‌ನಿಂದ ಹೇಲಿ ವ್ಯಾನ್ ಲಿತ್, ಅನೀಸಾ ಮಾರೋ ಬೇರೆ ಬಂದಿದ್ದರು. ಏನಾಯಿತು? ಎಲ್‌ಎಸ್‌ಯು ಮೊದಲ ಆಟದಲ್ಲೇ ಕೊಲೊರಾಡೋಗೆ 92-78ರಲ್ಲಿ ಸೋತಿತು. ನಾವು 38 ಆಟ ಆಡಿ 38ನ್ನೂ ಗೆದ್ದೆವು. ಫೈನಲ್‌ನಲ್ಲಿ ಕ್ಲಾರ್ಕ್‌ಳ ಅಯೋವಾವನ್ನು 87-75ರಲ್ಲಿ ಸೋಲಿಸಿದೆವು.

ಮೊದಲ ಐವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಹಾಗಾದರೆ ನಿಮ್ಮ ಲೆಕ್ಕ ಎಲ್ಲಿ ಹೋಯಿತು?

ಮಧ್ಯರಾತ್ರಿ_ಮ್ಯಾಚ್

ಸರಿಯಾದ ಜಾಗಕ್ಕೆ ಹೊಡೆದೆಯಮ್ಮ. ನಿನ್ನೆ ರಾತ್ರಿಯೆಲ್ಲ ಇದನ್ನೇ ಯೋಚಿಸಿದೆ.

ಆ 38-0 ಟೀಮಿನ ಹೆಸರುಗಳನ್ನು ಮತ್ತೆ ಬರೆದುಕೊಂಡು ನೋಡಿದೆ. ಕಮಿಲ್ಲಾ ಕಾರ್ಡೋಸೊ, ರೇವನ್ ಜಾನ್ಸನ್, ಬ್ರೀ ಹಾಲ್. ಇವರೆಲ್ಲ ಹಿಂದಿನ ವರ್ಷ ಬೆಂಚಿನಿಂದ ಎದ್ದು ಬರುತ್ತಿದ್ದವರು. ಅಂದರೆ ಬೋಸ್ಟನ್ ಎದುರಿಗೆ ದಿನಾ ಪ್ರಾಕ್ಟೀಸ್ ಮಾಡಿದವರು. ದೇಶದ ಅತಿ ಗಟ್ಟಿ ಸೆಂಟರ್ (ಬುಟ್ಟಿಯ ಹತ್ತಿರ ಆಡುವವಳು) ಬೆನ್ನು ಕೊಟ್ಟು ತಳ್ಳಿದ್ದನ್ನು ಕಾರ್ಡೋಸೊ ಎಷ್ಟು ನೂರು ಗಂಟೆ ತಡೆದುಕೊಂಡಿರಬಹುದು, ಲೆಕ್ಕ ಹಾಕಿ. ಹೊರಗಿನಿಂದ ಬಂದ ಮುಖ್ಯ ಆಟಗಾರ್ತಿ ಒರೆಗಾನ್‌ನ ಟೆಹೀನಾ ಪಾವ್‌ಪಾವ್ ಒಬ್ಬಳೇ.

ಹಾಗಾಗಿ ನನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತೇನೆ. ಮೊದಲ ಐವರಲ್ಲಿ ಎಷ್ಟು ಜನ ಉಳಿದರು ಅನ್ನೋದಲ್ಲ. ಒಂದೇ ಕೋಚ್ ಕೈಕೆಳಗೆ, ಒಂದೇ ಜಿಮ್‌ನಲ್ಲಿ ಬೆವರು ಸುರಿಸಿದವರು ಎಷ್ಟು ಜನ ಇದ್ದಾರೆ ಅನ್ನೋದು. ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಅದಕ್ಕೇ ಪಟ್ಟಿ ಮಾಡುವವರು ಎಡವುತ್ತಾರೆ ಅನ್ನಿಸುತ್ತದೆ.

ಅದೇ ಅಳತೆಯಲ್ಲಿ ಈ ವರ್ಷದ ನಿಮ್ಮ ಟೀಮನ್ನು ನೋಡು. ಪಾವ್‌ಪಾವ್, ಹಾಲ್, ಸನಾಯಾ ಫೀಗನ್ ಹೋದರು. ರೇವನ್ ಜಾನ್ಸನ್, ಕ್ಲೋಯಿ ಕಿಟ್ಸ್, ಟೆಸ್ಸಾ ಜಾನ್ಸನ್, ಜಾಯ್ಸ್ ಎಡ್ವರ್ಡ್ಸ್ ಉಳಿದರು. ಎಡ್ವರ್ಡ್ಸ್ ಮೊದಲ ವರ್ಷದಲ್ಲೇ ಟೀಮಿನಲ್ಲಿ ಅತಿ ಹೆಚ್ಚು ಅಂಕ ಹೊಡೆದವಳು. ಆಶ್ಲಿನ್ ವಾಟ್ಕಿನ್ಸ್ ಮೊಣಕಾಲು ಇನ್ನೂ ವಾಸಿಯಾಗಬೇಕು. ಇಷ್ಟಿದ್ದರೂ ಗಟ್ಟಿ ಬುನಾದಿಯೇ.

ಕೊಲಂಬಿಯಾ_ಕನ್ನಡತಿ

ಇದು ಒಪ್ಪಿದೆ ಅಕ್ಕಾ. ಹೊಸಬರ ಬಗ್ಗೆಯೂ ಹೇಳಬೇಕು. ಟನಾಯಾ ಲ್ಯಾಟ್ಸನ್ ಫ್ಲೋರಿಡಾ ಸ್ಟೇಟ್‌ನಲ್ಲಿ ಪ್ರತಿ ಆಟಕ್ಕೆ 25.2 ಅಂಕ ಹೊಡೆದಳು, ಇಡೀ ದೇಶಕ್ಕೇ ಹೆಚ್ಚು. ಪೂರ್ತಿ ಹೊಸಬಳೂ ಅಲ್ಲ. ಅವಳು ಮತ್ತು ರೇವನ್ ಅಟ್ಲಾಂಟಾದ ವೆಸ್ಟ್‌ಲೇಕ್ ಹೈಸ್ಕೂಲಿನಲ್ಲಿ ಒಟ್ಟಿಗೆ ಆಡಿದವರು. ಮಿಸಿಸಿಪ್ಪಿ ಸ್ಟೇಟ್‌ನಿಂದ ಕೀನ್ಯಾದ ಮಡೀನಾ ಓಕೋಟ್ ಬಂದಿದ್ದಾಳೆ, ಆರು ಅಡಿ ಆರು ಇಂಚು. ಹೋದ ವರ್ಷ ನಮಗೆ ಎತ್ತರ ಸಾಲುತ್ತಿರಲಿಲ್ಲ.

ಆದರೆ ಮಿಲೇಶಿಯಾ ಫುಲ್ವೈಲಿ ಎಲ್‌ಎಸ್‌ಯುಗೆ ಹೋದದ್ದು ಇಲ್ಲಿ ತುಂಬ ಜನರಿಗೆ ನೋವಾಗಿದೆ. ಅವಳು ಈ ಊರಿನವಳೇ. ಕೊಲಂಬಿಯಾದ ಹುಡುಗಿ. ಅವಳು ಬೆಂಚಿನಿಂದ ಎದ್ದು ಅಂಗಿ ಸರಿಮಾಡಿಕೊಳ್ಳುತ್ತಿದ್ದ ಹಾಗೇ ಸ್ಟೇಡಿಯಂ ಪೂರ್ತಿ ಎದ್ದು ನಿಲ್ಲುತ್ತಿತ್ತು. ಈಗ ಅದೇ ಹುಡುಗಿ ಎದುರಾಳಿಯಾಗಿ ಬರಬೇಕು. ಹೋಗಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವಳಿಗೆ ಜಾಸ್ತಿ ಹೊತ್ತು ಆಡಬೇಕಿತ್ತು. ಆದರೂ ಬೇಜಾರು ಬೇಜಾರೇ ಅಲ್ವಾ.

ದಾವಣಗೆರೆ_ಕೋಚ್

ನಾನು ಮೂವತ್ತು ವರ್ಷ ಕಾಲೇಜು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಟ್ಟವನು. ಈಗ ನಿವೃತ್ತ. ನೀವೆಲ್ಲ ಗಾರ್ಡು, ಶೂಟರ್ ಅಂತ ಮಾತಾಡುತ್ತಿದ್ದೀರಿ. ನಾನು ಲಾರೆನ್ ಬೆಟ್ಸ್ ಬಗ್ಗೆ ಹೇಳಬೇಕು.

ಯುಸಿಎಲ್‌ಎ ಸೆಂಟರ್, ಆರು ಅಡಿ ಏಳು ಇಂಚು. ಎತ್ತರದವರು ಎಷ್ಟೋ ಜನ ಬಂದು ಹೋಗಿದ್ದಾರೆ. ಇವಳ ವಿಶೇಷ ಎತ್ತರವಲ್ಲ. ಚೆಂಡು ಇನ್ನೊಂದು ಬದಿಯಲ್ಲಿ ಇರುವಾಗಲೇ ಎದುರಾಳಿಯನ್ನು ಸೊಂಟದಿಂದ ಹಿಂದಕ್ಕೆ ಕಟ್ಟಿಹಾಕಿ, ಒಂದು ಕೈ ಮೇಲೆತ್ತಿ ನಿಂತಿರುತ್ತಾಳೆ. ಚೆಂಡು ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ನಾನು ನಮ್ಮ ಸಿಮೆಂಟ್ ಅಂಗಳದಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ‘ಇಲ್ಲಿ ಪಾದ, ಇಲ್ಲಿ ಸೊಂಟ’ ಅಂತ ವರ್ಷಗಟ್ಟಲೆ ಹೇಳಿದ್ದೇನೆ. ಯಾರಾದರೂ ಅದನ್ನು ತಪ್ಪಿಲ್ಲದೆ ಮಾಡಿದ್ದನ್ನು ನೋಡಿದರೆ ಈಗಲೂ ಕುರ್ಚಿಯಿಂದ ಎದ್ದುಬಿಡುತ್ತೇನೆ.

ಆದರೂ ಸೆಮಿಫೈನಲ್‌ನಲ್ಲಿ ಯುಕಾನ್ ಅವರನ್ನು 85-51ರಲ್ಲಿ ಸೋಲಿಸಿತು. ಆ 51ರಲ್ಲಿ 26 ಬೆಟ್ಸ್ ಒಬ್ಬಳದ್ದೇ. ಉಳಿದವರೆಲ್ಲ ಸೇರಿ 25. ರೋಗ ಏನು ಅಂತ ಆ ಎರಡು ಅಂಕಿಯಲ್ಲೇ ಗೊತ್ತಾಗುತ್ತದೆ. ಹೊರಗಿನಿಂದ ಹೊಡೆಯುವವರು ಇರಲಿಲ್ಲ. ಇಬ್ಬರು ಮೂವರು ಬೆಟ್ಸ್ ಮೇಲೆ ಬಿದ್ದರೂ ಯುಕಾನ್‌ಗೆ ಹೆದರಿಕೆ ಇರಲಿಲ್ಲ.

ಈಗ ಯೂಟಾದಿಂದ ಜಿಯಾನಾ ನೀಪ್ಕೆನ್ಸ್ ಬಂದಿದ್ದಾಳೆ. ಪ್ರತಿ ಆಟಕ್ಕೆ 19 ಅಂಕ, ಮೂರಂಕದ ಹೊಡೆತ ನೂರಕ್ಕೆ 40ಕ್ಕಿಂತ ಜಾಸ್ತಿ ಬೀಳುತ್ತದೆ. ಇನ್ನು ನ್ಯೂಜಿಲೆಂಡಿನ ಶಾರ್ಲೀಸ್ ಲೆಜರ್-ವಾಕರ್. ಮೊಣಕಾಲಿನ ಗಾಯದಿಂದ ಹೋದ ಸೀಸನ್ ಪೂರ್ತಿ ಕೂತಿದ್ದಳು. ಆದರೆ ಕೂತದ್ದು ಯುಸಿಎಲ್‌ಎ ಬೆಂಚಿನಲ್ಲೇ! ಮೇಡಂ, ನಿಮ್ಮ ತಿದ್ದಿದ ಲೆಕ್ಕದ ಪ್ರಕಾರ ಅವಳು ಹೊಸಬಳಲ್ಲ, ಹಳಬಳು. ಕಿಕಿ ರೈಸ್, ಗ್ಯಾಬ್ರಿಯೆಲಾ ಹಾಕೆಜ್ ಇಬ್ಬರೂ ನಾಲ್ಕನೇ ವರ್ಷಕ್ಕೆ ಬಂದಿದ್ದಾರೆ. ಬೆಟ್ಸ್ ತಂಗಿ ಸಿಯೆನಾ ಕೂಡ ಸೇರುತ್ತಿದ್ದಾಳೆ. ಇಷ್ಟಿದ್ದೂ ಮೂರನೇ ಸ್ಥಾನ ಯಾಕೆ?

ಮಧ್ಯರಾತ್ರಿ_ಮ್ಯಾಚ್

ಸರ್, ಲೆಜರ್-ವಾಕರ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಪೋರ್ಟಲ್ ಪಟ್ಟಿಯಲ್ಲೂ ಅವಳ ಹೆಸರಿಲ್ಲ, ಹೋದ ವರ್ಷದ ಅಂಕಪಟ್ಟಿಯಲ್ಲೂ ಇಲ್ಲ. ಎರಡರ ನಡುವೆ ಬಿಟ್ಟುಹೋಗಿದ್ದಳು. ಒಂದು ವರ್ಷ ಕೂತು ಎಲ್ಲರ ಆಟ ನೋಡಿದ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವಳು) ಅಂದರೆ ಸಣ್ಣ ಮಾತಲ್ಲ.

ಯುಸಿಎಲ್‌ಎಯನ್ನು ಎರಡಕ್ಕೆ ತರುತ್ತೇನೆ. ಕೊಲಂಬಿಯಾ ತಂಗಿ ಕೋಪ ಮಾಡಿಕೊಳ್ಳಬಾರದು.

ಅಂಕಿ_ಬೆನ್ನಟ್ಟಿ

ಟೆಕ್ಸಸ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ಸೌತ್ ಕೆರೊಲಿನಾ ಆಡುವ ಎಸ್‌ಇಸಿ ಲೀಗಿಗೆ ಬಂದ ಮೊದಲ ವರ್ಷವೇ ಅವರ ಜೊತೆ ಮೊದಲ ಸ್ಥಾನ ಹಂಚಿಕೊಂಡರು. ಯಾರು ಮೇಲೆ ಅಂತ ತೀರ್ಮಾನಿಸಲು ನಾಣ್ಯ ಚಿಮ್ಮಬೇಕಾಯಿತು. ಮ್ಯಾಡಿಸನ್ ಬುಕರ್ ಎರಡನೇ ವರ್ಷದಲ್ಲೇ ಆ ಲೀಗಿನ ಶ್ರೇಷ್ಠ ಆಟಗಾರ್ತಿ. ರೋರಿ ಹಾರ್ಮನ್ ಐದನೇ ವರ್ಷಕ್ಕೆ ಉಳಿದಿದ್ದಾಳೆ. ಕೋಚ್ ವಿಕ್ ಶೇಫರ್ ಟೀಮುಗಳು ಡಿಫೆನ್ಸ್‌ನಲ್ಲಿ ಎದುರಾಳಿಗೆ ಉಸಿರಾಡಲು ಬಿಡುವುದಿಲ್ಲ.

ಒಂದೇ ಕೊರತೆ. ಮೂರಂಕದ ಹೊಡೆತ ತೀರಾ ಕಡಿಮೆ. ಹತ್ತು ಅಂಕ ಹಿಂದೆ ಬಿದ್ದರೆ ಎರಡೆರಡೇ ಅಂಕ ಸೇರಿಸಿ ಮೇಲೆ ಬರಬೇಕು. ಮಾರ್ಚ್‌ನ ನಾಕೌಟ್ ಆಟಗಳಲ್ಲಿ ಅಷ್ಟು ಸಮಯ ಸಿಗುವುದಿಲ್ಲ. ಅದಕ್ಕೇ ನಾಲ್ಕು ಸರಿ.

ಎಲ್‌ಎಸ್‌ಯು ಐದು ನನಗೆ ಜಾಸ್ತಿ ಅನ್ನಿಸಿತು. ಫ್ಲಾಜೇ ಜಾನ್ಸನ್, ಮಿಕೇಲಾ ವಿಲಿಯಮ್ಸ್, ಈಗ ಫುಲ್ವೈಲಿ. ಮೂವರಿಗೂ ಚೆಂಡು ಕೈಯಲ್ಲಿ ಬೇಕು. ಆದರೆ ಪ್ರತಿ ಆಟಕ್ಕೆ 13.5 ರೀಬೌಂಡ್ ಹಿಡಿಯುತ್ತಿದ್ದ ಮಾರೋ ಇಲ್ಲ. ದೇಶದಲ್ಲೇ ಹೆಚ್ಚು ರೀಬೌಂಡ್ ಹಿಡಿದವಳು ಅವಳು. ಅಷ್ಟನ್ನು ಯಾರು ಹಿಡಿಯುತ್ತಾರೆ? ನೋಟರ್‌ಡೇಮ್‌ನಿಂದ ಬಂದ ಕೇಟ್ ಕೊವಾಲ್ ಒಬ್ಬಳ ಕೈಲಾಗುವ ಕೆಲಸವಲ್ಲ. ನನ್ನ ಪಟ್ಟಿಯಲ್ಲಿ ಒಕ್ಲಹೋಮ ಐದು. ರೇಗನ್ ಬಿಯರ್ಸ್ ಒಳಗೆ ಇದ್ದಾಳೆ. ಹೊರಗೆ ಈ ವರ್ಷ ಹೈಸ್ಕೂಲಿನಿಂದ ಬರುವವರಲ್ಲಿ ಎಲ್ಲರಿಗಿಂತ ಮುಂದಿರುವ ಆಲಿಯಾ ಚಾವೆಜ್.

ಮಧ್ಯರಾತ್ರಿ_ಮ್ಯಾಚ್

ಮಾರೋ ಹಿಡಿಯುತ್ತಿದ್ದ ರೀಬೌಂಡ್ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ಫ್ಲಾಜೇ, ಮಿಕೇಲಾ ಇಬ್ಬರೂ ಕೋಚ್ ಕಿಮ್ ಮಲ್ಕಿ ಹತ್ತಿರವೇ ಬೆಳೆದವರು. ಬಿಟ್ಟು ಹೋಗಲಿಲ್ಲ. ಚಾವೆಜ್ ಎಷ್ಟೇ ದೊಡ್ಡ ಪ್ರತಿಭೆಯಾದರೂ ಮೊದಲ ವರ್ಷದ ಪಾಯಿಂಟ್ ಗಾರ್ಡ್ ಕೈಗೆ ಟೀಮ್ ಕೊಡುವುದು ಕಷ್ಟದ ಕೆಲಸ. ನನ್ನ ಐದು ಅಲ್ಲೇ ಇರಲಿ.

ಹೊಸಬ_ಹುಬ್ಬಳ್ಳಿ

ಜೂಜು ವಾಟ್ಕಿನ್ಸ್ ಹೆಸರು ಯಾರ ಪಟ್ಟಿಯಲ್ಲೂ ಬರಲಿಲ್ಲ. ಅವಳ ಟೀಮ್ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ) ಮೊದಲ ಹತ್ತರಲ್ಲಿ ಇಲ್ವಾ? ಮತ್ತೆ ನೋಟರ್‌ಡೇಮ್‌ನ ಒಲಿವಿಯಾ ಮೈಲ್ಸ್ ಟಿಸಿಯುಗೆ ಯಾಕೆ ಹೋದಳು?

ದಾವಣಗೆರೆ_ಕೋಚ್

ಜೂಜು ವಿಷಯ ನಾನು ಹೇಳುತ್ತೇನೆ. ಮಾರ್ಚ್ 24ರಂದು ಮಿಸಿಸಿಪ್ಪಿ ಸ್ಟೇಟ್ ಎದುರು ಎಸಿಎಲ್ ಹರಿದುಕೊಂಡಳು. ವಾಸಿಯಾಗಲು ಒಂಬತ್ತು ತಿಂಗಳಿಂದ ಒಂದು ವರ್ಷ. ಅವಸರ ಮಾಡಬಾರದು. ಈ ಸೀಸನ್‌ನಲ್ಲಿ ಅವಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈ ಎಸಿಎಲ್ ಹೆಸರು ಇಲ್ಲಿ ಎಷ್ಟು ಸಲ ಬಂತು ನೋಡಿ. ಫಡ್, ಲೆಜರ್-ವಾಕರ್, ಆಶ್ಲಿನ್, ಜೂಜು. ರೋರಿ ಹಾರ್ಮನ್‌ಗೂ 2023ರ ಡಿಸೆಂಬರ್‌ನಲ್ಲಿ ಆಗಿತ್ತು. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹಲವು ಪಟ್ಟು ಜಾಸ್ತಿ. ನನ್ನ ಟೀಮಿನ ಒಬ್ಬ ಹುಡುಗಿಗೆ ಅಂತರಕಾಲೇಜು ಪಂದ್ಯದಲ್ಲಿ ಆಯಿತು. ರೀಬೌಂಡ್ ಹಿಡಿದು ಒಂಟಿ ಕಾಲಲ್ಲಿ ಇಳಿದಳು, ಮೊಣಕಾಲು ಒಳಕ್ಕೆ ಮಡಚಿತು. ‘ಟಕ್’ ಅಂದ ಸದ್ದು ನಾನು ನಿಂತಿದ್ದ ಕಡೆಗೂ ಕೇಳಿಸಿತು. ಉಳುಕು ಅಂತ ಪಟ್ಟಿ ಕಟ್ಟಿ ಕಳಿಸಿದರು. ಸ್ಕ್ಯಾನ್ ಆಗುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಆ ಹುಡುಗಿ ಮತ್ತೆ ಆಡಲಿಲ್ಲ. ಆಮೇಲೆ ನಾನು ದಿನಾ ಮೊದಲ ಹದಿನೈದು ನಿಮಿಷ ಹಾರುವುದು, ಎರಡೂ ಕಾಲಲ್ಲಿ ಇಳಿಯುವುದು, ಇಷ್ಟನ್ನೇ ಮಾಡಿಸುತ್ತಿದ್ದೆ. ಬೇಜಾರಾಗುತ್ತದೆ ಸರ್ ಅನ್ನುತ್ತಿದ್ದರು. ಆದರೂ ಬಿಡಲಿಲ್ಲ.

ಅದಕ್ಕೇ ಜೂನ್‌ನಲ್ಲಿ ಮಾಡುವ ಯಾವ ಪಟ್ಟಿಯನ್ನೂ ನಾನು ಪೆನ್ನಿನಲ್ಲಿ ಬರೆಯುವುದಿಲ್ಲ.

ಅಂಕಿ_ಬೆನ್ನಟ್ಟಿ

ಮೈಲ್ಸ್ ಬಗ್ಗೆ. ಡ್ರಾಫ್ಟ್‌ನಲ್ಲಿ ಮೊದಲ ಕೆಲವರಲ್ಲೇ ಹೋಗಬೇಕಿದ್ದವಳು, ಹೋಗಲಿಲ್ಲ. ನೋಟರ್‌ಡೇಮ್‌ನವರು ಮಾರ್ಚ್‌ನಲ್ಲಿ ಟಿಸಿಯುಗೆ 71-62ರಲ್ಲಿ ಸೋತರು. ಮರುತಿಂಗಳೇ ಅವಳು ಆ ಟಿಸಿಯು ಸೇರಿದಳು. ಈಗ ಪೋರ್ಟಲ್‌ನಲ್ಲಿ ಕಾಲೇಜು ಬದಲಿಸಿದರೆ ಒಂದು ವರ್ಷ ಕೂರಬೇಕು ಅನ್ನೋ ನಿಯಮ ಇಲ್ಲ. ಸೋಲಿಸಿದ ಟೀಮಿಗೇ ಹೋಗಿ ಮರುವರ್ಷ ಆಡಬಹುದು. ನೋಟರ್‌ಡೇಮ್‌ನಲ್ಲಿ ಉಳಿದ ದೊಡ್ಡ ಹೆಸರು ಹ್ಯಾನಾ ಹಿಡಾಲ್ಗೊ. ಅವಳು ಒಬ್ಬಳೇ ಹತ್ತು ಹನ್ನೆರಡು ಆಟ ಗೆಲ್ಲಿಸಬಲ್ಲಳು, ಆದರೆ ಮೊದಲ ಹತ್ತಕ್ಕೆ ಅದು ಸಾಲದು.

ಇನ್ನೊಂದು. ಮುಂದಿನ ವರ್ಷದ ರೀಜನಲ್‌ಗಳು (ಫೈನಲ್ ಫೋರ್‌ಗೆ ಮುಂಚಿನ ಸುತ್ತುಗಳು) ಫೋರ್ಟ್ ವರ್ತ್ ಮತ್ತು ಸ್ಯಾಕ್ರಮೆಂಟೋದಲ್ಲಿ. ಟಿಸಿಯು ಇರುವುದೇ ಫೋರ್ಟ್ ವರ್ತ್‌ನಲ್ಲಿ. ಮೊದಲ 16 ಸ್ಥಾನದೊಳಗೆ ಬಂದರೆ ಮೊದಲ ಎರಡು ಸುತ್ತು ಸ್ವಂತ ಕಾಲೇಜಿನ ಅಂಗಳದಲ್ಲಿ. ಅದಾದ ಮೇಲೂ ಊರು ಬಿಡದೆ ಆಡುವ ಅವಕಾಶ ಸಿಕ್ಕಿದರೆ ನಿಮ್ಮ ಎಂಟು ಐದಕ್ಕೆ ಬರಬಹುದು.

ಹಾರ್ಟ್‌ಫರ್ಡ್_ಅಪ್ಪ

ಡ್ಯೂಕ್ ಬಗ್ಗೆಯೂ ಒಂದು ಸಾಲು. ಟೋಬಿ ಫೋರ್ನಿಯೇ ಎರಡನೇ ವರ್ಷಕ್ಕೆ ಬಂದಿದ್ದಾಳೆ. ಕೋಚ್ ಕಾರಾ ಲಾಸನ್ ಟೀಮು ಸೌತ್ ಕೆರೊಲಿನಾವನ್ನು 54ಕ್ಕೆ ನಿಲ್ಲಿಸಿ ನಾಲ್ಕೇ ಅಂಕದಲ್ಲಿ ಸೋತಿತ್ತು. ಅವರನ್ನು ಆರಕ್ಕೆ ತರಬಹುದು.

ಮಗಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಾಳೆ, ‘ನಮ್ಮ ಬೆಂಗಳೂರಿನವರು ಯಾರಾದರೂ ಅಲ್ಲಿ ಆಡಿದ್ದಾರಾ ಅಪ್ಪಾ’ ಅಂತ.

ದಾವಣಗೆರೆ_ಕೋಚ್

ಆಡಿದ್ದಾರೆ ಪುಟ್ಟಿ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾದಲ್ಲಿ ಆಡಿದರು. ಅದೂ ಇದೇ ಡಿವಿಜನ್ ಒಂದರ, ಅಂದರೆ ಮೇಲಿನ ದರ್ಜೆಯ ಕಾಲೇಜು.

ಮಧ್ಯರಾತ್ರಿ_ಮ್ಯಾಚ್

2017ರಲ್ಲಿ ಕಂಠೀರವ ಒಳಾಂಗಣದಲ್ಲಿ ಏಷ್ಯಾ ಕಪ್ ಬಿ ಡಿವಿಜನ್ ಫೈನಲ್ ನಡೆಯಿತು. ಭಾರತ ಕಜಕಸ್ತಾನವನ್ನು 75-73ರಲ್ಲಿ ಸೋಲಿಸಿತು. ನಾನು ಗ್ಯಾಲರಿಯಲ್ಲಿದ್ದೆ. ಕೊನೆಯ ನಿಮಿಷದಲ್ಲಿ ಪಕ್ಕದ ಅಪರಿಚಿತ ಹೆಂಗಸು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು, ಆಟ ಮುಗಿದ ಮೇಲೂ ಬಿಡಲಿಲ್ಲ. ಹುಡುಗಿಯರ ಆಟವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಸರಿ, ತಿದ್ದಿದ ಪಟ್ಟಿ: ಯುಕಾನ್, ಯುಸಿಎಲ್‌ಎ, ಸೌತ್ ಕೆರೊಲಿನಾ, ಟೆಕ್ಸಸ್, ಎಲ್‌ಎಸ್‌ಯು, ಡ್ಯೂಕ್, ಒಕ್ಲಹೋಮ, ಟಿಸಿಯು, ಟೆನ್ನೆಸಿ, ಎನ್‌ಸಿ ಸ್ಟೇಟ್.

ಯುಕಾನ್ ಬಗ್ಗೆ ನನಗಿರುವ ಒಂದೇ ಅಳುಕು ಹೇಳುತ್ತೇನೆ. ಬೆಕರ್ಸ್ ಅಂದರೆ ಬರೀ ಅಂಕವಲ್ಲ. ಆಟ ಬಿಗಿಯಾದಾಗ ಚೆಂಡು ಅವಳ ಕೈಗೆ ಹೋಗುತ್ತಿತ್ತು, ಉಳಿದ ನಾಲ್ವರ ಭುಜದ ಬಿಗಿ ಸಡಿಲವಾಗುತ್ತಿತ್ತು. ಆ ಕೆಲಸ ಫಡ್‌ಗೆ ಕೊಟ್ಟರೆ ಅವಳು ಶೂಟರ್ ಆಗಿ ಉಳಿಯುವುದಿಲ್ಲ. ಕೆಕೆ ಆರ್ನಾಲ್ಡ್ ಓಡುತ್ತಾಳೆ, ಆದರೆ ಎದುರಾಳಿ ಅವಳ ಹೊಡೆತಕ್ಕೆ ಹೆದರುವುದಿಲ್ಲ. ಸ್ಟ್ರಾಂಗ್ ಕೈಗೆ ಕೊಡುತ್ತಾರೇನೋ ಅಂತ ನನ್ನ ಊಹೆ. ಅವಳು ಎತ್ತರದವಳಾದರೂ ಗಾರ್ಡ್ ಥರ ಪಾಸ್ ಕೊಡುತ್ತಾಳೆ.

ಹಾರ್ಟ್‌ಫರ್ಡ್ ಸರ್, ಅಕ್ಟೋಬರ್‌ನಲ್ಲಿ ಗ್ಯಾಂಪೆಲ್‌ನಲ್ಲಿ ಸೀಸನ್ ಶುರುವಿನ ‘ಫಸ್ಟ್ ನೈಟ್’ ಕಾರ್ಯಕ್ರಮ ನಡೆದಾಗ ನೀವು ಹೋಗೇ ಹೋಗುತ್ತೀರಿ. ಬುಟ್ಟಿಗೆ ಯಾರು ಹಾಕಿದರು ಅಂತ ನೋಡಬೇಡಿ. ರೀಬೌಂಡ್ ಹಿಡಿದವಳು ತಲೆ ಎತ್ತಿ ಮೊದಲು ಯಾರನ್ನು ಹುಡುಕುತ್ತಾಳೆ ಅಂತ ನೋಡಿ ಹೇಳಿ.

ಹಾರ್ಟ್‌ಫರ್ಡ್_ಅಪ್ಪ

ಆಗಲಿ ಮೇಡಂ. ಈ ಕೆಲಸ ಮಗಳಿಗೆ ಒಪ್ಪಿಸಿದ್ದೇನೆ. ಆಗಲೇ ಒಂದು ನೋಟ್‌ಬುಕ್ಕಿನಲ್ಲಿ ಐದು ಹೆಸರು ಬರೆದು, ಪಕ್ಕದಲ್ಲಿ ಗೀಟು ಹಾಕಲು ಜಾಗ ಬಿಟ್ಟಿದ್ದಾಳೆ.